ಓರೆ ಬೈತಲೆ

ಮಂಡ್ಯ, ಗುತ್ತಲು ರಸ್ತೆ, ಅಪ್ಪನ ಕ್ಷೌರದಂಗಡಿ.
ಎರಡು ಕುರ್ಚಿ, ಎದುರುಬದುರು ಕನ್ನಡಿ;
ಒಬ್ಬ ಗಿರಾಕಿ ಕೂತರೂ
ಒಳಗೊಳಗೇ ಸಾಲುಗಟ್ಟುತ್ತದೆ ಒಂದು ಊರು.
ಮೂಲೆಯ ಮೊಳೆಗೆ, ಹಳದಿ ಚೀಲದೊಳಗೆ, ನಾಗಸ್ವರ.
ಲಗ್ನದ ತಿಂಗಳಲ್ಲಿ ಅದು ಕೆಳಗಿಳಿಯುತ್ತದೆ,
ಆಷಾಢದಲ್ಲಿ ಬರೀ ಕತ್ತರಿ.

ಅಮ್ಮ ನನ್ನ ತಲೆಯನ್ನು ನಟ್ಟನಡುವೆ ಸೀಳಿ
ಹರಳೆಣ್ಣೆ ಮೆತ್ತಿ ಎರಡು ಜಡೆ ಬಿಗಿದರೆ
ಹುಬ್ಬು ಮೇಲೇರಿ, ಸಂಜೆಯವರೆಗೂ
ಆಶ್ಚರ್ಯಪಟ್ಟವಳ ಹಾಗೆ ಓಡಾಡುತ್ತಿದ್ದೆ.
ಏಳನೇ ಕ್ಲಾಸಿನ ಫೋಟೋದಲ್ಲೂ ಹಾಗೇ ಇದ್ದೇನೆ,
ಎಲ್ಲೋ ಏನೋ ಕೇಳಿಸಿತು ಅನ್ನುವ ಮುಖ.

ಹದಿನಾರಕ್ಕೆ, ಪೋಸ್ಟರಿನ ನಾಯಕಿಯನ್ನು ನೋಡಿ
ಬಚ್ಚಲ ಕನ್ನಡಿಯೆದುರು, ಅಪ್ಪನ ಕತ್ತರಿಯಲ್ಲಿ
ಹಣೆಯ ಮೇಲಕ್ಕೆ ಕೂದಲು ಕತ್ತರಿಸಿಕೊಂಡೆ.
ಎರಡು ಸುಳಿಯ ತಲೆಯಲ್ಲಿ
ಮುಂಗುರುಳು ಮಲಗುವುದಿಲ್ಲವೆಂದು ಯಾರು ಹೇಳಿದ್ದರು?
ಆರಿದ ಮೇಲೆ ಎದ್ದು ನಿಂತಿತು,
ಕಬ್ಬು ಕಡಿದ ಗದ್ದೆಯ ಕೂಳೆ.

ಅಪ್ಪ ಬಯ್ಯಲಿಲ್ಲ.
ಕಸುಬಿನ ಕಣ್ಣಿಗೆ ಮಗಳಿಗಿಂತ ಮೊದಲು ಕೂದಲು ಕಂಡಿರಬೇಕು.
'ಒಣಗಿದ್ದಾಗ ಕತ್ತರಿಸ್ಬೇಕಿತ್ತು ಕಣವ್ವ,
ನೆಂದ ಕೂದ್ಲು ಸುಳ್ಳು ಹೇಳ್ತದೆ.'

ಆಮೇಲೆ ಕಪ್ಪು ಟೀ ಶರ್ಟುಗಳ ಕಾಲ.
ಪ್ಯಾಸೆಂಜರ್ ಹತ್ತಿ ಮೈಸೂರು, ಶಿವರಾಂಪೇಟೆ;
ಎದೆಯ ಮೇಲೆ ತಲೆಬುರುಡೆ, ಮಿಂಚು, ಓದಲಾಗದ ಅಕ್ಷರ.
ಆ ತಂಡದ ಒಂದು ಹಾಡೂ ಕೇಳಿರಲಿಲ್ಲ ನಾನು.
ಕಾಲೇಜಿನಲ್ಲೊಬ್ಬ ಕೇಳಿಯೇಬಿಟ್ಟ:
'ಮೂರು ಹಾಡು ಹೇಳು ನೋಡೋಣ.'
ಆ ರಾತ್ರಿ ದುಪ್ಪಟಿಯೊಳಗೆ ಇಯರ್‌ಫೋನು ತುರುಕಿಕೊಂಡು
ಮೂರಲ್ಲ, ಹದಿನೇಳು ಕೇಳಿದೆ.
ಹದಿನಾರು ಬರೀ ಗದ್ದಲ.
ಒಂದರಲ್ಲಿ ಮಾತ್ರ ಗಿಟಾರು ಮೇಲಕ್ಕೆ ಹೋಗಿ,
ನಿಂತು, ನಿಂತು,
ಇನ್ನು ಉಸಿರೇ ಇಲ್ಲವೆಂಬಲ್ಲಿ ಜಾರಿ ಇಳಿಯಿತು.
ಎದ್ದು ಕೂತೆ.
ಧಾರೆ ಮುಗಿದ ಮೇಲೆ, ಜನ ಊಟಕ್ಕೆ ಓಡಿದ ಮೇಲೆ,
ತಾತ ತನ್ನಷ್ಟಕ್ಕೆ ಊದುತ್ತಿದ್ದದ್ದು ಇದೇ ಅಲ್ಲವೆ?

ಪೇಟೆ ಬೀದಿಯ ಶಗುಫ್ತಾ ಯಾರ ಹಾಗೂ ಇರಲಿಲ್ಲ.
ಬುರ್ಖಾದ ತೋಳಿನಂಚಿಗೆ ತಾನೇ ಹಾಕಿದ ಹಸಿರು ದಾರದ ಹೊಲಿಗೆ,
ಬೆರಳಗಲವೂ ಇಲ್ಲ.
'ಯಾರಿಗೆ ಕಾಣ್ಬೇಕು ಅಂತ?'
'ಬರೀವಾಗ ನಂಗೇ ಕಾಣುತ್ತಲ್ಲ.'

ತಾತ ಪಿಳ್ಳಯ್ಯ ಹೋದ ವರ್ಷ
ಟ್ರಂಕಿನಿಂದ ಬಂತು ಅವನ ಓಲಗದ ಕೋಟು.
ಕುಂಕುಮಗೆಂಪು, ಹಿತ್ತಾಳೆ ಗುಂಡಿ, ಒಂದು ಕಡಿಮೆ.
'ಯಾರ್ಗಾದ್ರೂ ಕೊಟ್ಬುಡಿ' ಅಂದಳು ಅಮ್ಮ.
ತೊಟ್ಟೆ. ತೋಳು ಉದ್ದ.
ಮಡಚಿದರೆ ಒಳಗಿನ ಅಸ್ತರು ಹೊರಬಂತು:
ತಿಳಿ ಗುಲಾಬಿಯ ಮೇಲೆ ಬಿಳಿ ಹೂ, ಬಳ್ಳಿ, ಒಂದೆರಡು ಗಿಳಿ.
ಎಲಾ ಮುದುಕ!
ಐವತ್ತು ವರ್ಷ, ಊರೂರ ಚಪ್ಪರದಲ್ಲಿ
ಈ ಗಿಳಿಗಳನ್ನು ಎದೆಗೊತ್ತಿಕೊಂಡು ಊದುತ್ತಿದ್ದೆಯಾ?

ಮಂಗಳವಾರ, ಅಂಗಡಿಗೆ ರಜ.
ಅರ್ಧ ಬಾಗಿಲೆಳೆದು ಕುರ್ಚಿಯಲ್ಲಿ ಕೂತೆ,
ಕೋಟು ಬಿಚ್ಚದೆ, ಒಣಗಿದ ತಲೆಯಲ್ಲಿ.
ಜಡೆ ನೆಲಕ್ಕೆ ಬಿದ್ದ ಸದ್ದು ಅಷ್ಟೇನೂ ದೊಡ್ಡದಲ್ಲ.
'ಬೈತ್ಲೆ ಎಲ್ಲವ್ವ?'
ಗಿರಾಕಿಗಳಿಗೆಲ್ಲ ಕೇಳುವ ಮಾತು,
ನನ್ನನ್ನು ಈವರೆಗೆ ಯಾರೂ ಕೇಳಿರಲಿಲ್ಲ.
ಗೊತ್ತಿಲ್ಲ ಅಂದೆ.
ಬಾಚಣಿಗೆಯಿಂದ ಕೂದಲೆಲ್ಲ ಹಿಂದಕ್ಕೆ ದೂಡಿ
ಕೈಬಿಟ್ಟ ಅಪ್ಪ.
ಎರಡು ಸುಳಿಯೂ ಸ್ವಲ್ಪ ಜಗಳವಾಡಿ
ಎಡಕ್ಕೆ, ಓರೆಯಾಗಿ, ಒಂದು ದಾರಿ ಬಿಟ್ಟವು.

ಈಗ ಅಮ್ಮ ಹಿಂದಿನಿಂದ 'ಲೋಹಿತಾ' ಎಂದು
ತಮ್ಮನ ಹೆಸರು ಹಿಡಿದು ಕೂಗುತ್ತಾಳೆ,
ತಿರುಗಿದರೆ ಬಯ್ಯುತ್ತಾಳೆ,
ಬಯ್ಯುತ್ತಲೇ ಕತ್ತಿನ ಮೇಲೆ ಅಂಟಿದ ಚೂರು ಕೂದಲು ಒರೆಸುತ್ತಾಳೆ.

ಕೋಟಿನ ಜೇಬಿನಲ್ಲಿ ಒಂದು ಹಳೆಯ ಪೀಪಿ ಇತ್ತು.
ತುಟಿಗಿಟ್ಟೆ, ಎಲೆಯಡಿಕೆಯ ವಾಸನೆ.
ಮೊಳೆಯಿಂದ ಚೀಲ ಇಳಿಸಿ
ಊದಿದೆ.
ಎಮ್ಮೆಗರು ಬೆದರಿದ ಹಾಗೆ ಏನೋ ಹೊರಟಿತು.
ಎದುರುಬದುರು ಕನ್ನಡಿಯಲ್ಲಿ ಸಾಲಾಗಿ
ಕೆಂಪು ಕೋಟಿನ ನೂರು ಹುಡುಗಿಯರು ಕೆನ್ನೆ ಉಬ್ಬಿಸಿದರು.

ಕಸ ಗುಡಿಸುತ್ತಿದ್ದ ಅಪ್ಪ ತಲೆಯೆತ್ತದೆ ಅಂದ:
'ಇಷ್ಟ್ ಜನದಲ್ಲಿ ಒಬ್ಳಾದ್ರೂ
ಸುತಿ ಹಿಡೀಬಾರ್ದಾ?'